ಅಕ್ಕನ ದೀಪಕ್ಕೊಂದು ಪ್ರೋಗ್ರಾಮರ್

ಕೈ ಬಟಾಣಿ ಸುಲಿಯುತ್ತಲೇ ಇತ್ತು. ಟೈಲರಮ್ಮ ಮೊಣಕೈಯಿಂದ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಅಡುಗೆಮನೆಯ ಮೇಜಿನ ಮೇಲೆ ಒಂದು ಕಡೆ ಕಾಳಿನ ಬಟ್ಟಲು, ಇನ್ನೊಂದು ಕಡೆ ಸಿಪ್ಪೆಯ ರಾಶಿ, ನಡುವೆ ಆ ಹಳೆಯ ಲ್ಯಾಪ್‌ಟಾಪು. ಅದರ ಪಕ್ಕಕ್ಕೆ ಸಿಕ್ಕಿಸಿದ್ದ ಒಂದು ಪುಟ್ಟ ಕಡ್ಡಿಯಿಂದ ಹೊರಟ ಬಣ್ಣಬಣ್ಣದ ಆರು ತಂತಿಗಳು ಬೆಂಕಿಪೊಟ್ಟಣದಷ್ಟು ಅಗಲದ ಒಂದು ಬೋರ್ಡಿಗೆ ಹೋಗಿ ಸೇರಿದ್ದವು. ಪರದೆ ಒಂದು ಗಳಿಗೆ ಯೋಚನೆ ಮಾಡುವವರ ಹಾಗೆ ಸುಮ್ಮನಿದ್ದು, ಬೆಳಗಿನಿಂದ ಹೇಳುತ್ತಿದ್ದುದನ್ನೇ ಮತ್ತೆ ಹೇಳಿತು: ಚಿಪ್‌ನಿಂದ ಉತ್ತರವಿಲ್ಲ. ಜೋಡಣೆ ಸರಿಯಿದೆಯೇ ನೋಡಿ.

"ನೋಡಿದೀನಿ ಕಣೋ. ನಿನಗಿಂತ ಚೆನ್ನಾಗೇ ನೋಡಿದೀನಿ," ಎಂದಳು ಟೈಲರಮ್ಮ.

ಪಕ್ಕದ ಕೋಣೆಯಿಂದ ಗಂಡನ ದನಿ ಬಂತು. "ಯಾರ ಜೊತೆ ಜಗಳ?"

"ಬಟಾಣಿ ಜೊತೆ."

"ಗೆದ್ದೋರು ಯಾರು?"

ಆಯುಷ್ಯವೆಲ್ಲ ಬಸ್ಸು ಓಡಿಸಿ ನಿವೃತ್ತನಾದ ಆ ಮನುಷ್ಯ ಬಾಗಿಲಿಗೆ ಬಂದು ನಿಂತು, ಬೋರ್ಡಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದ. "ಬ್ಯಾಟರಿ ತೆಗೆದು ಹಾಕಿದ್ಯಾ?"

"ರೀ, ಇದು ನಿಮ್ಮ ಬಸ್ಸಲ್ಲ."

"ಬಸ್ಸಾಗಿದ್ರೆ ಇಷ್ಟೊತ್ತಿಗೆ ನಾಲ್ಕು ಜನ ಇಳಿದು ತಳ್ಳಿರೋರು," ಎಂದು ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಂಡು ಹೋದ.

ತಳ್ಳಿದರೆ ಹೊರಡುವಂಥದ್ದಾಗಿದ್ದರೆ ಅವಳು ಒಬ್ಬಳೇ ಬೀದಿಯ ಕೊನೆಯವರೆಗೂ ತಳ್ಳುತ್ತಿದ್ದಳು. ಯಾಕೆಂದರೆ ಆ ಬೋರ್ಡು ಅಕ್ಕನದು.

ಅಕ್ಕ ಬೇರೆ ಊರಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಹರಿದ ಪುಸ್ತಕ ಅವಳ ಕೈಗೆ ಬಂದರೆ ಹಾಳೆ ಬಿಡಿಸಿ, ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸಿ, ಮದುವೆ ಹೆಣ್ಣಿನ ಹಾಗೆ ಮಾಡಿ ಕಳಿಸುತ್ತಿದ್ದಳು. ಕಿವಿ ಮಾತ್ರ ಮೆಲ್ಲಮೆಲ್ಲನೆ ಕೈಬಿಟ್ಟಿತ್ತು. ಕಿವಿಗೆ ಹಾಕುವ ಯಂತ್ರ ತಂದರೆ ಅದರೊಳಗೆ ಮಾತಿಗಿಂತ ಸೀಟಿಯೇ ಹೆಚ್ಚು. ಬೆಳಕು ಹಿಂದಿನ ಕಿಟಕಿಯಿಂದ ಬರುವುದರಿಂದ ಅಕ್ಕ ಬಾಗಿಲಿಗೆ ಬೆನ್ನು ಹಾಕಿಯೇ ಕೂರಬೇಕು. ಬಾಗಿಲು ತೆರೆದಿಟ್ಟರೆ ಗಾಳಿಗೆ ಹಾಳೆ ಹಾರುತ್ತದೆ, ಅಂಟು ಒಣಗುತ್ತದೆ. ಬಂದವರು ಗಂಟೆ ಒತ್ತುತ್ತಾರೆ, ಬಡಿಯುತ್ತಾರೆ. ಬಾಗಿಲ ಸಂದಿಯಿಂದ ನೋಡಿದರೆ ಒಳಗೆ ಆಳಿರುವುದು ಕಾಣುತ್ತದೆ, ಬಾಗಿಲು ತೆರೆಯುವುದಿಲ್ಲ. ಜಂಬ ಎಂದುಕೊಂಡು ಹೋಗುತ್ತಾರೆ. ಒಂದು ಶಾಲೆಯವರು ಗಾಡಿ ತುಂಬ ಪುಸ್ತಕ ಹೇರಿಕೊಂಡು ಬಂದು, ಬಡಿದು ಬಡಿದು ಸಾಕಾಗಿ, ಗಾಡಿಯನ್ನೇ ತಿರುಗಿಸಿಕೊಂಡು ಪೇಟೆಯ ರಟ್ಟಿನ ಕಾರ್ಖಾನೆಗೆ ಹೋದರಂತೆ.

ಫೋನಿನಲ್ಲಿ ಅಕ್ಕನಿಗೆ ಏನೂ ಕೇಳದು. ಅದರೊಳಗಿನ ಸಣ್ಣ ಅಕ್ಷರ ಒತ್ತಲು ಅಂಟು ಮೆತ್ತಿದ ಬೆರಳಿಗೆ ಆಗದು. ಹಾಗಾಗಿ ಅವಳದು ಕಾಗದವೇ. ರಟ್ಟಿಗೆ ಕತ್ತರಿಸಿ ಉಳಿದ ದಪ್ಪ ಹಾಳೆಯ ಮೇಲೆ ಬರೆದಿದ್ದಳು: "ಕಾರ್ಖಾನೆಯವರು ಅಂಗಡಿಯನ್ನೂ ಪುಸ್ತಕ ಒತ್ತುವ ಯಂತ್ರವನ್ನೂ ತಮಗೇ ಕೊಟ್ಟುಬಿಡಿ ಅಂತಿದಾರೆ. ಕೊಟ್ಟರೆ ನಾನು ಕೈ ಮೇಲೆ ಕೈ ಇಟ್ಟುಕೊಂಡು ಗೋಡೆ ನೋಡಬೇಕು. ನೀನು ನಿನ್ನ ಮೆಶಿನ್ನಿಗೆ ಅದೇನೋ ದೀಪ ಮಾಡಿಕೊಂಡಿದೀಯಲ್ಲ, ಬಾಗಿಲು ಬಡಿದರೆ ಕಣ್ಣಿಗೆ ಕಾಣುವ ಹಾಗೆ ಏನಾದರೂ ಆಗುತ್ತಾ? ಆಗುತ್ತೆ ಅಂದರೆ ಅವರಿಗೆ ಇಲ್ಲ ಅಂತೀನಿ. ಆಗಲ್ಲ ಅಂದರೆ ಅದನ್ನೂ ನೇರವಾಗಿ ಬರಿ. ಸುತ್ತಿ ಬಳಸಬೇಡ."

ಟೈಲರಮ್ಮ ಅದೇ ದಿನ ಉತ್ತರ ಬರೆದಳು. ಮೊದಲ ಸಾಲೇ, "ಅಕ್ಕಾ, ಇದರ ಜೊತೆಗೇ ದೀಪ ಕಳಿಸಿದ್ದೇನೆ." ದೀಪ ಇನ್ನೂ ಹುಟ್ಟಿರಲಿಲ್ಲ. ಇಂದೋ ನಾಳೆಯೋ ಆಗಿಬಿಡುತ್ತದೆ ಎಂಬ ಉಬ್ಬಿನಲ್ಲಿ ಬರೆದು, ಲಕೋಟೆಗೆ ಹಾಕಿ, ಹೊಲಿಗೆ ಮೆಶಿನ್ನಿನ ಡ್ರಾಯರಿನಲ್ಲಿಟ್ಟಳು. ಕಾಗದ ಅಲ್ಲೇ ಕೂತಿತು. ಅದರ ಮೇಲೆ ನೂಲುಂಡೆ ಬಂತು, ಸೀಮೆಸುಣ್ಣ ಬಂತು, ಯಾರದೋ ಕುಪ್ಪಸದ ಅಳತೆ ಬಂತು.

ದೀಪ ಆಗಲೇ ಇಲ್ಲ ಎನ್ನುವ ಹಾಗೂ ಇರಲಿಲ್ಲ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹವ್ಯಾಸಿಗಳ ಜೊತೆ ಕೂತು ಕಲಿತ ವಿದ್ಯೆಯಿಂದ ಅವಳು ಎಂಟು ಕಾಲಿನ ಒಂದು ಪುಟ್ಟ ಚಿಪ್ ಆರಿಸಿದ್ದಳು. ಎರಡು ಕಾಲು ಕರೆಂಟಿಗೆ ಹೋದರೆ ಉಳಿದದ್ದು ಆರು. ಗಂಟೆಗೆ ಒಂದು, ಬಾಗಿಲು ಬಡಿದದ್ದನ್ನು ಹಿಡಿಯುವುದಕ್ಕೆ ಒಂದು, ದೀಪಕ್ಕೆ ಒಂದು, ಮೇಜನ್ನು ಗುರುಗುರು ನಡುಗಿಸುವ ಸಣ್ಣ ಮೋಟಾರಿಗೆ ಒಂದು, ಹಗಲೋ ಇರುಳೋ ನೋಡುವುದಕ್ಕೆ ಒಂದು, ಬ್ಯಾಟರಿ ಇಳಿದರೆ ಹೇಳುವ ಕೆಂಪು ದೀಪಕ್ಕೆ ಒಂದು. ಒಂದು ಕಾಲೂ ದಂಡವಾಗಲಿಲ್ಲ. ಬಟ್ಟೆಯ ತುಂಡಿನಲ್ಲಿ ಅಂಗಿ, ಉಳಿದ ಚೂರಿನಲ್ಲಿ ಕರವಸ್ತ್ರ ತೆಗೆಯುವ ಹೆಂಗಸಿಗೆ ಇದಕ್ಕಿಂತ ಖುಷಿ ಬೇರೆ ಯಾವುದಿದೆ? ಬೆಸುಗೆ ಹಾಕಿ, ಬರೆದದ್ದನ್ನು ಚಿಪ್‌ಗೆ ತುಂಬಿ, ಮೇಜು ಬಡಿದರೆ ದೀಪ ಹೊತ್ತಿಯೇ ಹೊತ್ತಿತು.

ಆದರೆ ಹೊತ್ತಿದ ದೀಪ ಕಣ್ಣು ಮಿಟುಕಿಸುವಷ್ಟರಲ್ಲಿ ಆರಿತು. ದಾರದ ಮೇಲೆ ಬಗ್ಗಿ ಕೂತ ಅಕ್ಕನಿಗೆ ಅದು ಕಾಣುವ ಮಾತೇ ಇಲ್ಲ. ಇನ್ನಷ್ಟು ಹೊತ್ತು ಉರಿಯಬೇಕು. ಬದಲಿಸಬೇಕಾದದ್ದು ಒಂದೇ ಒಂದು ಅಂಕಿ. ಆ ಅಂಕಿಯನ್ನು ಒಳಗೆ ಕಳಿಸಲು ಹೋದಾಗಿನಿಂದ ಈ ಉತ್ತರವಿಲ್ಲದ ಉತ್ತರ.

ಕಂಪ್ಯೂಟರಿನಲ್ಲಿ ಬರೆದದ್ದನ್ನು ಚಿಪ್‌ನೊಳಗೆ ತುಂಬುವ ಉಪಕರಣಕ್ಕೆ ಹವ್ಯಾಸಿಗಳು ಪ್ರೋಗ್ರಾಮರ್ ಎನ್ನುತ್ತಾರೆ. ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿಯ ಆರು ತಂತಿ ಬೋರ್ಡಿನ ಆರು ಪಿನ್ನುಗಳಿಗೆ. ಚಿಪ್ಪನ್ನು ಬೆಸುಗೆಯಿಂದ ಕೀಳದೆ, ಇದ್ದಲ್ಲೇ ತಿದ್ದಿ ಬರೆಯಬಹುದು ಎಂಬುದೇ ಅದರ ದೊಡ್ಡಸ್ತಿಕೆ. ಟೈಲರಮ್ಮನ ಬಳಿ ಇದ್ದದ್ದು ಹೆಬ್ಬೆರಳಿನಷ್ಟು ಉದ್ದದ, ಹೊರಮೈಯೂ ಇಲ್ಲದ ಬೋಳು ಕಡ್ಡಿ. ಅದೇ ಕೆಟ್ಟಿದೆ ಎಂದು ಅವಳು ತೀರ್ಮಾನಿಸಿದಳು. ಬಟಾಣಿ ಒಲೆಯ ಮೇಲಿಟ್ಟು, ಕಡ್ಡಿಯನ್ನು ಗುಂಡಿಗಳ ಡಬ್ಬಿಗೆ ಎಸೆದು, ಚಪ್ಪಲಿ ಮೆಟ್ಟಿದಳು.

ಬಿಡಿಭಾಗಗಳ ಅಂಗಡಿಯವನಿಗೆ ಎಲ್ಲರೂ ಸೋಡಾಬುಡ್ಡಿ ಎನ್ನುತ್ತಿದ್ದರು, ಅಂಥ ಕನ್ನಡಕ. ಅವನ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಡ್ರಾಯರುಗಳು, ನಡುವೆ ಅವನೊಬ್ಬ ತೂರುವಷ್ಟು ಜಾಗ.

"ಪ್ರೋಗ್ರಾಮರ್ ಕೈಕೊಟ್ಟಿದೆ. ಹೊಸದು ಬೇಕು. ಯಾವುದು ಒಳ್ಳೇದು?"

"ಒಳ್ಳೇದು ಅಂದ್ರೆ ಯಾರಿಗೆ? ನಿಮಗೋ, ನನಗೋ?"

"ನನಗೆ ಸ್ವಾಮಿ. ನಿಮಗೆ ಒಳ್ಳೇದಾಗೋದು ಇದ್ದೇ ಇದೆ."

ಅವನು ಮೂರನ್ನು ಗಾಜಿನ ಮೇಲೆ ಇಟ್ಟ. "ಇದು ನಿಮ್ಮ ಹತ್ರ ಇರೋ ಥರದ್ದೇ, ಕಡ್ಡಿ. ಬಡವರ ಬಂಧು. ಇದು ಡಬ್ಬಿಯೊಳಗೆ ಬರೋದು. ಮೂರು ವೋಲ್ಟಿಗೂ ಸೈ, ಐದಕ್ಕೂ ಸೈ, ಬೋರ್ಡಿಗೆ ಬೇಕಾದ ಕರೆಂಟೂ ಅದೇ ಕೊಡುತ್ತೆ, ತಂತಿ ತಿರುಗುಮುರುಗು ಹಾಕಿದ್ರೂ ಸುಟ್ಟು ಹೋಗಲ್ಲ. ಆ ನೀಲಿದು ಬಿಡಿ. ಅದು ಕಂಪನಿಯವರಿಗೆ."

"ಯಾಕೆ, ನಾನು ಕಂಪನಿಯವಳ ಹಾಗೆ ಕಾಣಲ್ವಾ?"

"ಅದರ ಬೆಲೆ ಕೇಳಿದ್ಮೇಲೆ ಕಂಪನಿಯವರೂ ಇತ್ಲಾಗೆ ಕಾಣಲ್ಲ."

ಅವಳು ಡಬ್ಬಿಯದ್ದನ್ನು ಕೊಂಡಳು. ಮನೆಗೆ ಬಂದು, ಅದಕ್ಕೆ ಬೇಕಾದ ತಂತ್ರಾಂಶ ಹಾಕಿ, ಅದು ಕೇಳಿದ್ದಕ್ಕೆಲ್ಲ ಹೂಂ ಎಂದು, ತಂತಿ ಸಿಕ್ಕಿಸಿ, ಉಸಿರು ಬಿಗಿಹಿಡಿದು ಒತ್ತಿದರೆ: ಚಿಪ್‌ನಿಂದ ಉತ್ತರವಿಲ್ಲ.

"ಹೊಸದಾ?" ಎಂದ ಗಂಡ. "ಹೊಸಬರ ದನಿಯೂ ಹಳಬರ ಥರಾನೇ ಇದೆ."

ಅವಳು ಅವನ ಮುಖವನ್ನೂ ನೋಡದೆ ಚಿಪ್‌ಗೆ ಬರೆಯುವ ವೇಗ ಇಳಿಸಿ ನೋಡಿದಳು. ತಂತಿ ಉದ್ದವಾಯಿತೇನೋ ಎಂದು ಕತ್ತರಿಸಿ ಗಿಡ್ಡ ಮಾಡಿದಳು. ಬೆಸುಗೆಯ ಒಂದೊಂದು ಚುಕ್ಕಿಯನ್ನೂ ಮತ್ತೆ ಕಾಯಿಸಿ ಕರಗಿಸಿದಳು. ಬೆಸುಗೆ ಹಾಕುವ ಕಾದ ತುದಿ ತಾಗಿ ಬೆರಳು ಚುರ್ ಎಂದಾಗ ಬಾಯಿಗೆ ಬಂದ ಮಾತು, ಒಬ್ಬ ಗೌರವಸ್ಥ ಹೆಂಗಸಿನ ಬಾಯಿಗೆ ಬರುವಂಥದ್ದಲ್ಲ.

ವಾರದ ಕೂಟಕ್ಕೆ ಬೋರ್ಡನ್ನೇ ಹೊತ್ತುಕೊಂಡು ಹೋದಳು. ಗ್ರಂಥಾಲಯದ ಹಿಂದಿನ ಆ ಕೋಣೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳ ನಡುವೆ ಎರಡು ಉದ್ದ ಮೇಜು. ಒಂದಕ್ಕೆ ಲೇತ್ ಕೆಲಸದವನು ಯಜಮಾನ, ಇನ್ನೊಂದಕ್ಕೆ ಹಲ್ಲಿನ ಡಾಕ್ಟರು. ಅವರಿಬ್ಬರೂ ಒಂದೇ ಮಾತಿಗೆ ಹೂಂ ಅಂದದ್ದನ್ನು ಕಂಡವರಿಲ್ಲ.

"ಯಾವ ಪ್ರೋಗ್ರಾಮರ್ ಒಳ್ಳೇದು, ಹೇಳಿ," ಎಂದು ಕೇಳಿದ್ದೇ ತಪ್ಪಾಯಿತು.

"ಕೊಂಡ್ಕೊಳ್ಳೋದೇ ತಪ್ಪು ಟೈಲರಮ್ಮ," ಎಂದ ಲೇತಿನವನು. "ಮನೇಲಿ ಬಿದ್ದಿರೋ ಯಾವುದಾದ್ರೂ ಹಳೆ ಬೋರ್ಡನ್ನೇ ಪ್ರೋಗ್ರಾಮರ್ ಮಾಡ್ಕೋಬಹುದು. ನಾನು ಮಾಡಿಲ್ವಾ?"

"ಹಲ್ಲು ಕೀಳೋಕೆ ನಾನೂ ಅಡುಗೆಮನೆ ಇಕ್ಕಳ ತರಬಹುದು," ಎಂದರು ಡಾಕ್ಟರು. "ಬಾಯಿ ತೆರೆಯೋರು ಬೇಕಲ್ಲ? ಅಮ್ಮಾ, ನನ್ನ ಹತ್ರ ಇರೋ ನೀಲಿದು ತಗೊಳ್ಳಿ. ಒಂದ್ಸಲ ಕೊಂಡ್ರೆ ಮತ್ತೆ ತಲೆನೋವಿಲ್ಲ."

"ನಿಮ್ಮ ಬಿಲ್ಲು ನೋಡಿದ್ರೆ ಆ ಇಕ್ಕಳ ಚಿನ್ನದ್ದೇ ಅನ್ಸುತ್ತೆ, ಡಾಕ್ಟ್ರೇ."

"ನಿನ್ನ ಹಲ್ಲು ನೋಡಿದ್ರೆ ನೀನು ಬಂದೇ ಇಲ್ಲ ಅನ್ಸುತ್ತೆ."

ಮಾತು ಹಲ್ಲಿಗೆ ಹೋಯಿತು, ಹಲ್ಲಿನಿಂದ ಆರು ಪಿನ್ನಿನದು ಮೇಲೋ ಹತ್ತು ಪಿನ್ನಿನದು ಮೇಲೋ ಎಂಬುದಕ್ಕೆ ಬಂತು, ಅಲ್ಲಿಂದ ಯಾವ ತಂತ್ರಾಂಶ ಯಾವುದಕ್ಕೆ ಹೊಂದುವುದಿಲ್ಲ ಎಂಬುದಕ್ಕೆ ಹೋಯಿತು. ಟೈಲರಮ್ಮ ಅವನ ಮುಖ, ಇವರ ಮುಖ ನೋಡುತ್ತಾ ಕೂತಳು. ಕೊನೆಗೆ ಲೇತಿನವನು ತನ್ನ ಮನೆಮದ್ದನ್ನೇ ತಂದು ಬೋರ್ಡಿಗೆ ಸಿಕ್ಕಿಸಿದ. ಅದೂ ಜಪ್ಪಯ್ಯ ಅನ್ನಲಿಲ್ಲ.

"ಬೋರ್ಡೇ ಸರಿ ಇಲ್ಲ ಬಿಡಿ," ಎಂದ ಅವನು, ತಂತಿ ಸುತ್ತಿಕೊಳ್ಳುತ್ತಾ.

ಅದು ಅವಳಿಗೆ ಸೂಜಿ ಉಗುರಿನೊಳಗೆ ಹೋದ ಹಾಗಾಯಿತು. ಬೋರ್ಡು ಸರಿ ಇಲ್ಲವೇ? ಅವಳ ಕೈಯ ಕೆಲಸವೇ? ಮಡಿಕೆ ಒಂದೆಳೆ ಆಚೀಚೆಯಾದರೆ ಬಿಚ್ಚಿ ಮತ್ತೆ ಹೊಲಿಯುವವಳ ಕೈಯ ಕೆಲಸವೇ? ಹಿಂತಿರುಗುವಾಗ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕರೂ ಅವಳು ನಿಂತೇ ಬಂದಳು. ಕೂತರೆ ಅಳು ಬಂದೀತು ಎನ್ನಿಸಿತ್ತು.

ದಾರಿಯಲ್ಲಿ ಇಳಿದು ಸೋಡಾಬುಡ್ಡಿಯ ಹತ್ತಿರ ದೂರು ಹೇಳಿದರೆ ಅವನು, "ಹಾಗಿದ್ರೆ ಚಿಪ್ ಸತ್ತಿರಬೇಕು. ಬೇರೆ ಚಿಪ್ ಹಾಕಿ ನೋಡಿ," ಎಂದ. ಅವಳ ಹತ್ತಿರ ಅದೇ ಜಾತಿಯ ಇನ್ನೆರಡು ಚಿಪ್ ಇದ್ದವು. ಮನೆಗೆ ಬಂದು ಒಂದನ್ನು ಬೆಸುಗೆಯಿಲ್ಲದೆ ಜೋಡಿಸಿ ನೋಡುವ ತೂತುಗಳ ಬಿಳಿ ಹಲಗೆಗೆ ಚುಚ್ಚಿ, ತಂತಿ ಕೊಟ್ಟು, ಆಸೆಯೇ ಇಲ್ಲದೆ ಗುಂಡಿ ಒತ್ತಿದಳು.

ಚಿಪ್ ಉತ್ತರ ಕೊಟ್ಟಿತು!

"ರೀ! ಬನ್ನಿ ಇಲ್ಲಿ! ಮಾತಾಡ್ತು!"

ಗಂಡ ಮುಖಕ್ಷೌರದ ನೊರೆಯಲ್ಲೇ ಓಡಿ ಬಂದ. ಅವಳು ದೀಪ, ಮೋಟಾರು, ಗಂಟೆ ಎಲ್ಲವನ್ನೂ ಹಲಗೆಗೆ ಜೋಡಿಸಿ, ಯಾವ ಕಾಲಿಗೆ ಯಾವ ಕೆಲಸ ಎಂಬ ಹೊಂದಿಕೆಗಳನ್ನೆಲ್ಲ ಮೊದಲಿನ ಹಾಗೆಯೇ ಕೊಟ್ಟು, ತಿದ್ದಿದ ಅಂಕಿಯನ್ನು ತುಂಬಿದಳು. ಗಂಡ ಮೇಜು ಬಡಿದ. ದೀಪ ಹೊತ್ತಿತು. ಹೊತ್ತಿಯೇ ಇತ್ತು. ಗಂಡನ ಗಲ್ಲದ ನೊರೆ ಒಣಗುತ್ತಾ ಬಂದರೂ ಆರಲಿಲ್ಲ. ಅಂಕಿ ಈ ಸಲ ಅತಿಯಾಗಿತ್ತು, ಅಷ್ಟೇ. ಸ್ವಲ್ಪ ಕಡಿಮೆ ಮಾಡಿದರೆ ಮುಗಿಯಿತು. ಅಂಕಿ ಕಡಿಮೆ ಮಾಡಿ ಗುಂಡಿ ಒತ್ತಿದಳು.

ಚಿಪ್‌ನಿಂದ ಉತ್ತರವಿಲ್ಲ.

ಇನ್ನೊಮ್ಮೆ ಒತ್ತಿದಳು. ಮತ್ತೊಮ್ಮೆ. ಗಂಡ ಏನೋ ಹೇಳಲು ಬಾಯಿ ತೆರೆದ.

"ಬ್ಯಾಟರಿ ವಿಷಯ ಎತ್ತಿದ್ರೆ ನೋಡಿ!"

ಅವನು ಬಾಯಿ ಮುಚ್ಚಿಕೊಂಡು, ಒಂದು ಕೆನ್ನೆ ಬೋಳಿಸಿ ಒಂದು ಕೆನ್ನೆ ಹಾಗೇ ಇದ್ದ ಸ್ಥಿತಿಯಲ್ಲಿ ಹೊರಟುಹೋದ.

ಈಗ ಅವಳಿಗೆ ಹೊಸ ಸಂಶಯ ಹುಟ್ಟಿತು. ಈ ಡಬ್ಬಿಯೇ ಚಿಪ್‌ಗಳನ್ನು ಕೊಲ್ಲುತ್ತಿದೆ. ಒಂದು ಸಲ ಒಳಗೆ ಹೋಗುತ್ತದೆ, ಬರುವಾಗ ಕತ್ತು ಹಿಸುಕಿ ಬರುತ್ತದೆ. ಮೊದಲಿನ ಕಡ್ಡಿಯೂ ಅದನ್ನೇ ಮಾಡಿರಬೇಕು. ಅಗ್ಗದ್ದನ್ನು ನಂಬಿದ್ದೇ ತಪ್ಪು. ಡಾಕ್ಟರು ಹೇಳಿದ ನೀಲಿಯದ್ದೇ ಸರಿ. ಅಂಚು ಹೊಲಿಯುವ ಹೊಸ ಮೆಶಿನ್ನಿಗೆಂದು ಕೂಡಿಟ್ಟದ್ದು ಹೋದರೆ ಹೋಗಲಿ. ಅಂಚನ್ನು ಕೈಯಲ್ಲೇ ಹೊಲಿಯುತ್ತಾ ಬಂದಿಲ್ಲವೇ, ಇನ್ನೂ ಹೊಲಿಯೋಣ.

ಮಾರನೆಯ ದಿನ ಅದಕ್ಕೇ ಹೊರಟು ಬಾಗಿಲಿನ ಚಿಲಕಕ್ಕೆ ಕೈ ಹಾಕಿದ್ದಳು. ಅಷ್ಟರಲ್ಲಿ ಅಂಚೆ ಕಚೇರಿಯ ಗುಮಾಸ್ತ ಎದುರಾದ. ಅವನ ಒಂದು ತೋಳಿನ ಮೇಲೆ ಕೋಟು, ಇನ್ನೊಂದು ಕೈಯಲ್ಲಿ ದಪ್ಪ ಹಾಳೆಯ ಕಾರ್ಡು.

"ನಿಮ್ಮಕ್ಕಂದು. ಹೇಗೂ ಬರ್ತಿದ್ನಲ್ಲ, ನಾನೇ ತಂದೆ. ಪಾರ್ಸಲ್ ಯಾವಾಗ ಅಮ್ಮಾ? ನೀವು ಹೇಳಿದಾಗಿನಿಂದ ತಕ್ಕಡಿ ಒರೆಸಿ ಒರೆಸಿ ಅದರ ಮುಳ್ಳೇ ಸವೆದುಹೋಯ್ತು."

ಅವಳು ಕಾರ್ಡು ತಿರುಗಿಸಿದಳು. ಅಕ್ಕ ಸುತ್ತಿ ಬಳಸಿರಲಿಲ್ಲ. "ನಿನ್ನ ಉತ್ತರ ಇಲ್ಲ. ಆಗಲ್ಲ ಅಂತ ಬರೆಯೋಕೆ ನಿನಗೆ ಮನಸ್ಸು ಬರಲಿಲ್ಲ ಅಂತ ತಿಳಕೊಂಡೆ. ಈ ಶನಿವಾರ ಕಾರ್ಖಾನೆಯವರು ಬರುತ್ತಾರೆ. ಹೂಂ ಅಂದುಬಿಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡ."

ಟೈಲರಮ್ಮ ಕಾರ್ಡನ್ನು ಇನ್ನೊಮ್ಮೆ ಓದಿದಳು. ತನ್ನ ಮೌನವನ್ನು ಅಕ್ಕ ಉತ್ತರ ಎಂದು ಓದಿಕೊಂಡಿದ್ದಳು.

"ಕೆಟ್ಟ ಸುದ್ದಿನಾ?" ಎಂದ ಗುಮಾಸ್ತ.

"ಇನ್ನೂ ಆಗಿಲ್ಲ. ಆಗೋದ್ರಲ್ಲಿದೆ. ಆ ಕೋಟೇನು?"

"ಹೊಟ್ಟೆ ಹತ್ರ ಬಿಗಿ. ಸ್ವಲ್ಪ ಸಡಿಲ ಮಾಡಿಕೊಡಿ. ಹೊಸದು, ರೆಡಿಮೇಡು."

ಹೊರಡುವವಳು ನಿಂತಳು. ಕೈ ತಾನಾಗಿ ಕೋಟನ್ನು ತಿರುಗಿಸಿ, ಒಳಗಿನ ಹೊಲಿಗೆಯನ್ನು ಬೆರಳಲ್ಲಿ ಸವರಿತು. ಸವರಿದ ಕೂಡಲೇ ಇಷ್ಟು ದಿನದ ಸಿಟ್ಟೆಲ್ಲ ಆ ಕೋಟಿನ ಮೇಲೆ ಹರಿಯಿತು.

"ಏನ್ರೀ ಇದು? ಎಲ್ಲಿಂದ ಸಡಿಲ ಮಾಡ್ಲಿ? ಒಳಗೆ ಬಟ್ಟೇನೇ ಬಿಟ್ಟಿಲ್ಲ! ಹೊಲಿಗೆ ಪಕ್ಕದಲ್ಲೇ ಕತ್ತರಿ ಓಡಿಸಿದಾನೆ ಪುಣ್ಯಾತ್ಮ. ಒಂದು ಚೂರು ಬಟ್ಟೆ ಉಳಿಸಿ ಯಾವ ಅರಮನೆ ಕಟ್ಟಿದ್ನೋ! ಮನುಷ್ಯ ಅಂದ್ಮೇಲೆ ದಪ್ಪ ಆಗ್ತಾನೆ, ಸಣ್ಣ ಆಗ್ತಾನೆ, ನಾಳೆ ಬಿಚ್ಚಬೇಕಾಗುತ್ತೆ ಅನ್ನೋ ಜ್ಞಾನ ಬೇಡ್ವಾ? ಬಿಚ್ಚೋಕೆ ಜಾಗ ಇಡದೆ ಹೊಲಿಯೋನು ದರ್ಜಿನಾ? ಒಳಗೆ ಒಂದಿಷ್ಟು..."

ಮಾತು ಅಲ್ಲೇ ತುಂಡಾಯಿತು.

ಗುಮಾಸ್ತ ಹೆದರಿದ. "ನಾನು ಹೊಲಿದಿದ್ದಲ್ಲ ಅಮ್ಮಾ."

"ಗೊತ್ತು. ಕೋಟು ಬಿಟ್ಟು ಹೋಗಿ. ಹೋಗಿ, ಹೋಗಿ."

ಅವನನ್ನು ಹೆಚ್ಚುಕಡಿಮೆ ನೂಕಿಯೇ ಕಳಿಸಿ, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಬಂದಳು. ಲ್ಯಾಪ್‌ಟಾಪು ತೆರೆದು, ಚಿಪ್‌ಗೆ ತಾನು ಕೊಟ್ಟಿದ್ದ ಹೊಂದಿಕೆಗಳನ್ನು ಒಂದೊಂದಾಗಿ ಓದಿದಳು. ಇತ್ತು. ಅವಳೇ ಕೈಯಾರೆ ಬರೆದದ್ದು.

ಆರು ಕಾಲುಗಳಲ್ಲಿ ಒಂದು ಕಾಲು ಬರೀ ಕಾಲಲ್ಲ, ಬಾಗಿಲು. ಪ್ರೋಗ್ರಾಮರ್ ಬಂದು ಮೊದಲು ಬಡಿಯುವುದೇ ಅದನ್ನು. 'ನಿನ್ನ ಕೆಲಸ ನಿಲ್ಲಿಸು, ನನ್ನ ಮಾತು ಕೇಳು' ಎಂದು ಚಿಪ್‌ಗೆ ಹೇಳುವ ದಾರಿ ಅದೊಂದೇ. ಕೆಂಪು ದೀಪಕ್ಕೆ ಒಂದು ಕಾಲು ಸಾಲದೆ ಬಂದಾಗ, ಆ ಬಾಗಿಲನ್ನೂ ಮಾಮೂಲಿ ಕಾಲಾಗಿ ಮಾಡಿಕೊಳ್ಳಬಹುದು ಎಂದು ಎಲ್ಲೋ ಓದಿದ್ದಳು. ಪಕ್ಕದಲ್ಲಿ ಎಚ್ಚರಿಕೆ ಎಂದೂ ಬರೆದಿತ್ತು. ಒಲೆಯ ಮೇಲೂ ಎಚ್ಚರಿಕೆ ಎಂದು ಬರೆದಿರುತ್ತದೆ, ಯಾರು ಓದುತ್ತಾರೆ! ಮಡಿಕೆಯಲ್ಲಿ ಅಡಗಿದ್ದ ಬಟ್ಟೆ ಸಿಕ್ಕಿತು ಎಂದು ಹಿಗ್ಗಿ ಅದನ್ನೂ ಬಳಸಿಬಿಟ್ಟಿದ್ದಳು. ಮೊದಲ ಸಲ ಬರೆದು ಹೊರಗೆ ಬರುವಾಗ ಬಾಗಿಲಿಗೆ ಗೋಡೆ ಕಟ್ಟಿ ಬಂದಂತಾಗಿತ್ತು. ಯಾವ ಪ್ರೋಗ್ರಾಮರ್ ಬಂದು ಎಷ್ಟು ಬಡಿದರೂ ಒಳಗಿರುವುದಕ್ಕೆ ಕೇಳುವುದಿಲ್ಲ. ಕಡ್ಡಿಯೂ ಕೆಟ್ಟಿರಲಿಲ್ಲ, ಡಬ್ಬಿಯೂ ಕೊಲೆಗಾರನಲ್ಲ. ಕಿವುಡಿಗೆಂದು ಮಾಡಿದ ದೀಪವನ್ನೇ ಅವಳು ಕಿವುಡು ಮಾಡಿ ಕೂರಿಸಿದ್ದಳು.

ಅಷ್ಟು ವರ್ಷ ಎಷ್ಟೋ ಜನರ ಬಟ್ಟೆಗೆ ಒಳಗೆ ಜಾಗ ಬಿಟ್ಟವಳು, ಅಕ್ಕನ ಬೋರ್ಡಿಗೆ ಬಿಟ್ಟಿರಲಿಲ್ಲ. ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ಹಲ್ಲಿನ ಡಾಕ್ಟರಿಗೆ ಫೋನು ಮಾಡಿದಳು.

"ಅಯ್ಯೋ ಅಮ್ಮಾ, ಇದನ್ನ ಆವತ್ತೇ ಹೇಳಬಾರದಿತ್ತಾ?"

"ನೀವು ಕೇಳಲಿಲ್ವಲ್ಲ ಡಾಕ್ಟ್ರೇ?"

"ನೀವು ಕೇಳಿದ್ದು ಯಾವ ಪ್ರೋಗ್ರಾಮರ್ ಒಳ್ಳೇದು ಅಂತ. ಹಲ್ಲುನೋವು ಅಂತ ಹೇಳದೆ ಯಾವ ಪೇಸ್ಟ್ ಒಳ್ಳೇದು ಅಂತ ಕೇಳಿದ್ರೆ ನಾನು ಪೇಸ್ಟೇ ತಾನೆ ಹೇಳೋದು?" ಅವರು ನಕ್ಕರು, ಆಮೇಲೆ ದನಿ ಮೆತ್ತಗಾಯಿತು. "ಬೇಜಾರು ಬೇಡ. ನನ್ನ ನೀಲಿ ಪೆಟ್ಟಿಗೆ ಅದನ್ನೂ ತೆರೆಯುತ್ತೆ. ಆ ಕಾಲಿಗೆ ಹನ್ನೆರಡು ವೋಲ್ಟು ಕೊಟ್ಟು ಜೋರಾಗಿ ಬಡಿಯುತ್ತೆ. ಆದ್ರೆ ಚಿಪ್ ಬೋರ್ಡಿನ ಮೇಲಿದ್ರೆ ಆಗಲ್ಲ. ಅಷ್ಟು ವೋಲ್ಟು ನಿಮ್ಮ ಕೆಂಪು ದೀಪಕ್ಕೂ ನುಗ್ಗುತ್ತೆ. ಕಿತ್ತು ತನ್ನಿ."

"ಪ್ರತಿ ಸಲ ತಿದ್ದೋಕೂ ಕೀಳಬೇಕಾ?"

"ಪ್ರತಿ ಸಲ."

ಫೋನು ಇಟ್ಟು ಅವಳು ಬೋರ್ಡನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು. ಅಕ್ಕನ ಬಾಗಿಲು ಎಂಥದ್ದು, ಬಡಿದರೆ ಎಷ್ಟು ಅದುರುತ್ತದೆ, ಬೀದಿಯಲ್ಲಿ ಲಾರಿ ಹೋದರೂ ದೀಪ ಹೊತ್ತಿಬಿಡುತ್ತದೆಯೋ, ಇದೆಲ್ಲ ಇಲ್ಲಿ ಮೇಜು ಬಡಿದು ತಿಳಿಯುವುದಲ್ಲ. ಅಲ್ಲಿ ಬಾಗಿಲ ಬಳಿ ಕೂತು, ಬಡಿದು, ತಿದ್ದಿ, ಮತ್ತೆ ಬಡಿಯಬೇಕು. ಪ್ರತಿ ಸಲ ಬೆಸುಗೆ ಬಿಚ್ಚುತ್ತಾ ಕೂತರೆ ಆಗುವ ಕೆಲಸವಲ್ಲ. ಹಾಗಾದರೆ ಬೇಕಾದದ್ದು ಜೋರಾಗಿ ಬಡಿಯುವ ಪ್ರೋಗ್ರಾಮರ್ ಅಲ್ಲ. ಮೆಲ್ಲಗೆ ತಟ್ಟಿದರೂ ತೆರೆಯುವ ಬಾಗಿಲು.

ಕೆಂಪು ದೀಪ ಹೋಗಬೇಕು. ಅದು ಹೋದರೆ ಬ್ಯಾಟರಿ ಇಳಿದದ್ದು ಅಕ್ಕನಿಗೆ ತಿಳಿಯುವುದು ಹೇಗೆ, ಎಂದು ಅವಳು ಗಟ್ಟಿಯಾಗಿಯೇ ಅಂದುಕೊಂಡಳು.

ಬಾಗಿಲಿಗೆ ಒರಗಿ ಎಲ್ಲ ಕೇಳಿಸಿಕೊಂಡಿದ್ದ ಗಂಡ ಎಚ್ಚರಿಕೆಯಿಂದ ಕೆಮ್ಮಿದ. "ಬ್ಯಾಟರಿ ಅನ್ನಬಹುದಾ ಈಗ?"

"ಅನ್ನಿ."

"ನನ್ನ ಬಸ್ಸಲ್ಲಿ ಬ್ಯಾಟರಿ ಇಳಿದ್ರೆ ಅದಕ್ಕೆ ಅಂತ ಬೇರೆ ದೀಪ ಎಲ್ಲಿತ್ತು? ಮುಂದಿನ ದೀಪವೇ ಮಂಕಾಗಿ ಹೇಳ್ತಿತ್ತು."

ಅವಳು ಅವನನ್ನೇ ನೋಡಿದಳು. ತನ್ನ ಹೊಟ್ಟೆ ಖಾಲಿಯಾಗುತ್ತಿರುವುದನ್ನು ಅಳೆದುಕೊಳ್ಳಲು ಆ ಚಿಪ್‌ಗೆ ತಾನಾಗಿಯೇ ಬರುತ್ತದೆ, ಕಾಲು ಬೇಕಿಲ್ಲ. ದೊಡ್ಡ ದೀಪವೇ ಆಗಾಗ ಸಣ್ಣಗೆ ತೂಕಡಿಸಿದ ಹಾಗೆ ಮಿಣುಕಿದರೆ ಅಕ್ಕನಿಗೆ ತಿಳಿಯುತ್ತದೆ. ಅಂದರೆ ಆ ಕಾಲು ಬೇಕೇ ಇರಲಿಲ್ಲ!

"ಏನ್ ನೋಡ್ತಿದೀಯ?"

"ಏನಿಲ್ಲ. ಇಷ್ಟು ದಿನ ಬ್ಯಾಟರಿ ಬ್ಯಾಟರಿ ಅಂತಿದ್ರಲ್ಲ, ಒಂದ್ಸಲ ಕೆಲಸಕ್ಕೆ ಬಂತು."

"ಒಂದೇ ಸಲ ಸಾಕು," ಎಂದ ಅವನು. ಅದರ ಹೆಮ್ಮೆ ಸಂಜೆಯವರೆಗೂ ಅವನ ಮುಖದ ಮೇಲಿಂದ ಇಳಿಯಲಿಲ್ಲ.

ಉಳಿದಿದ್ದ ಕೊನೆಯ ಚಿಪ್ಪನ್ನು ಅವಳು ಬಿಳಿ ಹಲಗೆಗೆ ಚುಚ್ಚಿದಳು. ಡಬ್ಬಿಯದ್ದನ್ನು ಪಕ್ಕಕ್ಕಿಟ್ಟು, ಗುಂಡಿಗಳ ಡಬ್ಬಿಯಲ್ಲಿ ಕೈಯಾಡಿಸಿ ಹಳೆಯ ಬೋಳು ಕಡ್ಡಿಯನ್ನು ಹೊರತೆಗೆದಳು. ಅದಕ್ಕೆ ಒಂದು ಕೋಟಿನ ಗುಂಡಿ ಸಿಕ್ಕಿಕೊಂಡಿತ್ತು, ಬಿಡಿಸಿದಳು. ಬಾಗಿಲಿನ ಕಾಲನ್ನು ಬಾಗಿಲಾಗಿಯೇ ಬಿಟ್ಟು ಬರೆದಳು. ಉತ್ತರ ಬಂತು. ಅಂಕಿ ಬದಲಿಸಿದಳು, ಬಂತು. ಮತ್ತೆ ಬದಲಿಸಿದಳು, ಮತ್ತೆ ಬಂತು. ನಂಬಿಕೆ ಬರಲಿಲ್ಲ. ಬೇಡದಿದ್ದರೂ ಬದಲಿಸಿ ಬದಲಿಸಿ ನೋಡಿದಳು. ಕರೆದಾಗೆಲ್ಲ ಓಗೊಡುತ್ತಿತ್ತು.

ಹಾಗೆಂದು ದೀಪ ಮುಗಿದಿರಲಿಲ್ಲ. ಹೊಸ ಬೋರ್ಡು ಕತ್ತರಿಸಬೇಕು, ಬೆಸುಗೆ ಹಾಕಬೇಕು, ಡಬ್ಬಿ ಮಾಡಬೇಕು. ಶನಿವಾರದೊಳಗೆ ಆಗದು. ಹೊರಗೆ ಬಿಸಿಲು ಏರುತ್ತಿತ್ತು; ಮಧ್ಯಾಹ್ನದ ಅಂಚೆ ಚೀಲ ಹೋದರೆ ಇಂದು ಮತ್ತೆ ಚೀಲವಿಲ್ಲ, ನಾಳೆ ಹಾಕಿದ ಕಾಗದ ಶನಿವಾರದೊಳಗೆ ಮುಟ್ಟದು. ಅವಳು ಮೆಶಿನ್ನಿನ ಡ್ರಾಯರು ಎಳೆದು, ನೂಲುಂಡೆ ಸರಿಸಿ, ಕಾಗದ ಹೊರತೆಗೆದಳು.

'ಇದರ ಜೊತೆಗೇ ದೀಪ ಕಳಿಸಿದ್ದೇನೆ.' ಆ ಒಂದು ಸಾಲಿನ ಮುಲಾಜಿಗೆ ಇಷ್ಟು ದಿನ ಕಾಗದ ಬಿದ್ದುಕೊಂಡಿತ್ತು. ಅವಳು ದೊಡ್ಡ ಕತ್ತರಿ ತೆಗೆದುಕೊಂಡು ಆ ಸಾಲಿರುವ ಪಟ್ಟಿಯನ್ನು, ಬಟ್ಟೆಯ ಅಂಚು ತೆಗೆಯುವ ಹಾಗೆ, ಒಂದೇ ಉಸಿರಿಗೆ ಕತ್ತರಿಸಿ ಎಸೆದಳು. ಕೆಳಗೆ ಖಾಲಿ ಇದ್ದಲ್ಲಿ ಬರೆದಳು:

"ಅಕ್ಕಾ, ಆಗುತ್ತೆ. ಕಾರ್ಖಾನೆಯವರಿಗೆ ಇಲ್ಲ ಅನ್ನು. ದೀಪ ಇನ್ನೂ ಅರ್ಧ ಇದೆ. ನಾನು ದಡ್ಡತನ ಮಾಡಿ ಎರಡು ಚಿಪ್ ಹಾಳು ಮಾಡಿದೆ, ಬಂದಾಗ ಹೇಳ್ತೀನಿ, ನಗುವಿಯಂತೆ. ಉಳಿದರ್ಧ ನಿನ್ನ ಬಾಗಿಲಲ್ಲೇ ಕೂತು ಮಾಡ್ತೀನಿ. ಮುಂದಿನ ವಾರ ಬರ್ತೀನಿ. ಬಾಗಿಲು ಬಡಿಯಲ್ಲ, ಹಿಂದಿನ ಕಿಟಕಿಗೆ ಬಂದು ಕೈ ಬೀಸ್ತೀನಿ. ತಲೆ ಎತ್ತಿ ನೋಡುತ್ತಿರು."

"ಕೊಡು, ನಾನು ಹಾಕಿ ಬರ್ತೀನಿ," ಎಂದ ಗಂಡ.

"ಬೇಡ. ನಿಮ್ಮ ಅಂಗಿ ಜೇಬಿನಲ್ಲಿ ಹೋದ ಕಾಗದ ಒಗೆಯೋ ದಿನವೇ ಸಿಗೋದು."

ಅಂಚೆ ಕಚೇರಿಯ ಮುಂದೆ ಚೀಲದ ಗಾಡಿ ನಿಂತಿತ್ತು. ಗುಮಾಸ್ತ ಕೋಟಿಲ್ಲದೆ, ಬಿಗಿಯಾದ ಅಂಗಿಯಲ್ಲಿ, ಚೀಲದ ಬಾಯಿ ಕಟ್ಟುತ್ತಿದ್ದ. ಅವಳನ್ನು ಕಂಡವನೇ ತಕ್ಕಡಿಯ ಕಡೆ ನೋಡಿದ, ಅವಳ ಕೈಯ ಕಡೆ ನೋಡಿದ.

"ಬರೀ ಕಾಗದವಾ? ಪಾರ್ಸಲ್ ಎಲ್ಲಿ?"

"ಪಾರ್ಸಲ್ ಹಿಂದಿನಿಂದ ಬಸ್ಸಲ್ಲಿ ಹೋಗುತ್ತೆ, ನಾನೇ ಹೊತ್ಕೊಂಡು. ನೀವು ಮೊದಲು ಆ ಚೀಲ ಬಿಚ್ಚಿ."

"ಕಟ್ಟಿ ಆಯ್ತಲ್ಲಮ್ಮಾ..."

"ನಿಮ್ಮ ಕೋಟು ನನ್ನ ಹತ್ರ ಇದೆ, ನೆನಪಿರಲಿ."

ಅವನು ಗೊಣಗುತ್ತಾ ಗಂಟು ಸಡಿಲಿಸಿದ. ಮುದ್ರೆ ಎತ್ತಿ ಲಕೋಟೆಯ ಮೇಲೆ ಧಪ್ಪೆಂದು ಒತ್ತಿ, ಚೀಲದೊಳಗೆ ಹಾಕಿ, ಬಾಯಿ ಮತ್ತೆ ಬಿಗಿದ. ಗಾಡಿಯವನು ಚೀಲವನ್ನು ಹಿಂದಕ್ಕೆ ಎಸೆದು ಬಾಗಿಲು ಹಾಕಿಕೊಂಡ. ಗಾಡಿ ಬೀದಿಯ ತಿರುವು ದಾಟುವವರೆಗೂ ಟೈಲರಮ್ಮ ಸೆರಗಿನಿಂದ ಬೆರಳಿನ ಸುಟ್ಟ ಗಾಯ ಒತ್ತಿಕೊಂಡು ಅಲ್ಲೇ ನಿಂತಿದ್ದಳು.